ಸಂಸ್ಕರಿತ ಆಹಾರಗಳಲ್ಲಿ ಫಾಸ್ಫೇಟ್ ಸೇರ್ಪಡೆಗಳು: ಯಾರಿಗೆ, ಎಷ್ಟರ ಮಟ್ಟಿಗೆ ಸುರಕ್ಷಿತ?

ರಂಜಕ ಎಂಬುದು ಕೃಷಿಕರಿಗೆ ಹೊಸ ಹೆಸರಲ್ಲ. ಸಾರಜನಕ, ರಂಜಕ, ಪೊಟ್ಯಾಷ್ ಎಂದು ಎಣಿಸುವಾಗ ನಡುವೆ ಬರುವ ಪೋಷಕಾಂಶವಿದು. ಇದೇ ರಂಜಕದ ಲವಣಗಳಾದ ಫಾಸ್ಫೇಟುಗಳನ್ನು ಸಂಸ್ಕರಿತ ಚೀಸ್, ನೂಡಲ್ಸ್, ಕೇಕ್, ಸಾಸೇಜ್, ಶೈತ್ಯೀಕರಿಸಿದ ಸಿಗಡಿ, ಕೋಲಾ ಪಾನೀಯ ಮುಂತಾದ ಅನೇಕ ಆಹಾರಗಳಲ್ಲಿ ಸೇರ್ಪಡೆ ವಸ್ತುವಾಗಿ ಬಳಸಲಾಗುತ್ತದೆ. ಗೊಬ್ಬರವನ್ನೇ ತಿಂಡಿಗೆ ಬೆರೆಸುತ್ತಾರೆ, ಬಟ್ಟೆ ಒಗೆಯುವ ಪುಡಿಯಲ್ಲಿರುವುದೇ ಚೀಸಿನಲ್ಲಿಯೂ ಇದೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುವುದನ್ನು ನೀವೂ ಗಮನಿಸಿರಬಹುದು. ಇವು ಅರ್ಧಸತ್ಯಗಳು. ಆರೋಗ್ಯವಂತ ವಯಸ್ಕರು ಮಿತವಾಗಿ ಸೇವಿಸುವ ಸಂಸ್ಕರಿತ ಆಹಾರದಲ್ಲಿನ ಫಾಸ್ಫೇಟಿಗೆ ಅಂಜಬೇಕಾದ ಕಾರಣವಿಲ್ಲ. ಮೂತ್ರಪಿಂಡಗಳ ಶಕ್ತಿ ಕುಂದಿದವರ ವಿಷಯ ಮಾತ್ರ ಬೇರೆಯೇ ಆಗಿದೆ. ಅವರಿಗೆ ಇದು ನಿಜವಾದ ಅಪಾಯ. ತಾವು ಎಷ್ಟು ಫಾಸ್ಫೇಟ್ ಸೇವಿಸುತ್ತಿದ್ದೇವೆಂದು ತಿಳಿಯಲು ಪೊಟ್ಟಣದ ಮೇಲಿನ ಬರಹವೂ ಅವರಿಗೆ ನೆರವಾಗುವುದಿಲ್ಲ.

ದೇಹದಲ್ಲಿ ರಂಜಕದ ಪಾತ್ರ

ವಯಸ್ಕರ ದೇಹದಲ್ಲಿ ಸುಮಾರು 700 ಗ್ರಾಂ ರಂಜಕವಿರುತ್ತದೆ. ಅದರಲ್ಲಿ ಶೇ. 85ರಷ್ಟು ಕ್ಯಾಲ್ಸಿಯಂ ಜೊತೆಗೂಡಿ ಮೂಳೆ ಮತ್ತು ಹಲ್ಲುಗಳಲ್ಲಿ ನೆಲೆಸಿದೆ. ಉಳಿದದ್ದು ಜೀವಕೋಶಗಳ ಪೊರೆ, ವಂಶವಾಹಿ ಮತ್ತು ಶಕ್ತಿ ಸಾಗಣೆಯ ಅಣುಗಳ ಭಾಗವಾಗಿದೆ. ರಂಜಕವಿಲ್ಲದೆ ಬದುಕಿಲ್ಲ. ಕಾಳು, ಧಾನ್ಯ, ಹಾಲು, ಮೊಟ್ಟೆ, ಮಾಂಸ ಎಲ್ಲದರಲ್ಲಿಯೂ ಅದು ಸಹಜವಾಗಿಯೇ ಇರುವುದರಿಂದ ಸಾಮಾನ್ಯ ಊಟ ಮಾಡುವವರಲ್ಲಿ ಇದರ ಕೊರತೆ ಅಪರೂಪ.

ಹೆಚ್ಚಾದ ರಂಜಕವನ್ನು ಹೊರಹಾಕುವ ಹೊಣೆ ಬಹುಮಟ್ಟಿಗೆ ಮೂತ್ರಪಿಂಡಗಳದ್ದು. ಊಟದಲ್ಲಿ ರಂಜಕ ಹೆಚ್ಚಿದರೆ ಮೂಳೆಯಿಂದ ಎಫ್‌ಜಿಎಫ್-23 ಎಂಬ ಹಾರ್ಮೋನು, ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿಂದ ಮತ್ತೊಂದು ಹಾರ್ಮೋನು ಸ್ರವಿಸಿ, ಅದನ್ನು ಮೂತ್ರದೊಡನೆ ಸಾಗಹಾಕುವಂತೆ ಮೂತ್ರಪಿಂಡಗಳಿಗೆ ಸೂಚನೆ ಕೊಡುತ್ತವೆ. ಹೀಗಾಗಿ ವಯಸ್ಕರ ರಕ್ತದಲ್ಲಿ ರಂಜಕದ ಪ್ರಮಾಣ ಸಾಮಾನ್ಯವಾಗಿ ಪ್ರತಿ ಡೆಸಿಲೀಟರಿಗೆ 2.5ರಿಂದ 4.5 ಮಿ.ಗ್ರಾಂ ನಡುವೆಯೇ ಉಳಿಯುತ್ತದೆ.

ಧಾನ್ಯದ ರಂಜಕವೂ ಲವಣದ ರಂಜಕವೂ ಒಂದೇ ಅಲ್ಲ

ಕೋಳಿ ಸಾಕಣೆ ಮಾಡುವವರಿಗೆ ಈ ಭೇದ ಬೇಗ ಅರ್ಥವಾಗುತ್ತದೆ. ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯಲ್ಲಿ ರಂಜಕ ಸಾಕಷ್ಟಿದ್ದರೂ ಅದರ ಬಹುಪಾಲು ಫೈಟೇಟ್ ಎಂಬ ರೂಪದಲ್ಲಿ ಬಂಧಿತವಾಗಿರುತ್ತದೆ. ಅದನ್ನು ಬಿಡಿಸುವ ಫೈಟೇಸ್ ಕಿಣ್ವ ಕೋಳಿಯ ಕರುಳಿನಲ್ಲಿ ಸಾಕಷ್ಟಿಲ್ಲ. ಆದ್ದರಿಂದಲೇ ಕೋಳಿ ಆಹಾರಕ್ಕೆ ಡೈಕ್ಯಾಲ್ಸಿಯಂ ಫಾಸ್ಫೇಟನ್ನು ಅಥವಾ ಫೈಟೇಸ್ ಕಿಣ್ವವನ್ನು ಸೇರಿಸುತ್ತಾರೆ. ಹಸು, ಎಮ್ಮೆಗಳಿಗೆ ಈ ತೊಂದರೆಯಿಲ್ಲ. ಅವುಗಳ ಮೆಲುಕುಚೀಲದ ಸೂಕ್ಷ್ಮಜೀವಿಗಳೇ ಆ ಕೆಲಸ ಮಾಡಿಕೊಡುತ್ತವೆ.

ಈ ವಿಷಯದಲ್ಲಿ ಮನುಷ್ಯನು ಕೋಳಿಯ ಸಾಲಿಗೆ ಸೇರಿದವನು. ಬೇಳೆ, ಧಾನ್ಯ, ಎಣ್ಣೆಕಾಳುಗಳಲ್ಲಿರುವ ರಂಜಕದಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ನಮ್ಮ ರಕ್ತಕ್ಕೆ ಸೇರುತ್ತದೆ. ಹಾಲು, ಮೊಟ್ಟೆ, ಮಾಂಸಗಳ ರಂಜಕ ಇನ್ನೂ ಹೆಚ್ಚಾಗಿ ಹೀರಲ್ಪಡುತ್ತದೆ. ಸೇರ್ಪಡೆ ವಸ್ತುಗಳಲ್ಲಿನ ಫಾಸ್ಫೇಟ್ ಯಾವುದೇ ಸಾವಯವ ಅಣುವಿಗೆ ಅಂಟಿಕೊಂಡಿರದ ಲವಣ. ನೀರಿನಲ್ಲಿ ಸುಲಭವಾಗಿ ಕರಗುವ ಸೋಡಿಯಂ, ಪೊಟ್ಯಾಸಿಯಂ ಫಾಸ್ಫೇಟುಗಳ ವಿಷಯದಲ್ಲಿ ಶೇ. 90ರಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಹೀರಲ್ಪಡುತ್ತದೆಂದು ಅಂದಾಜಿಸಲಾಗಿದೆ. ಆದ್ದರಿಂದ ಒಂದು ಬಟ್ಟಲು ಹುರುಳಿ ಸಾರಿನಲ್ಲಿರುವ 200 ಮಿ.ಗ್ರಾಂ ರಂಜಕಕ್ಕೂ ಸಂಸ್ಕರಿತ ಮಾಂಸದೊಳಗೆ ಚುಚ್ಚಿ ಸೇರಿಸಿದ 200 ಮಿ.ಗ್ರಾಂ ರಂಜಕಕ್ಕೂ ಪ್ರಯೋಗಾಲಯದ ತಕ್ಕಡಿಯಲ್ಲಿ ವ್ಯತ್ಯಾಸ ಕಾಣದಿದ್ದರೂ ದೇಹದಲ್ಲಿ ಬಹಳಷ್ಟಿದೆ.

2011ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಮೂತ್ರಪಿಂಡದ ದೀರ್ಘಕಾಲಿಕ ಕಾಯಿಲೆಯಿದ್ದ 9 ಮಂದಿಗೆ ಒಂದು ವಾರ ಧಾನ್ಯಾಧಾರಿತ ಸಸ್ಯಾಹಾರವನ್ನೂ ಇನ್ನೊಂದು ವಾರ ಮಾಂಸ ಮತ್ತು ಹಾಲಿನ ಆಹಾರವನ್ನೂ ನೀಡಲಾಯಿತು. ಎರಡರಲ್ಲಿಯೂ ರಂಜಕದ ಪ್ರಮಾಣ ಸಮನಾಗಿತ್ತು. ಆದರೂ ಸಸ್ಯಾಹಾರದ ವಾರದಲ್ಲಿ ರಕ್ತದ ರಂಜಕ ಮತ್ತು ಎಫ್‌ಜಿಎಫ್-23 ಎರಡೂ ಕಡಿಮೆಯಿದ್ದವು. ಒಂಬತ್ತೇ ಮಂದಿಯ ಚಿಕ್ಕ ಪ್ರಯೋಗವಾದರೂ ಅದು ತೋರುವ ದಿಕ್ಕು ಸ್ಪಷ್ಟವಾಗಿದೆ.

ತಯಾರಕರು ಫಾಸ್ಫೇಟನ್ನು ಏಕೆ ಬಳಸುತ್ತಾರೆ?

ಆಹಾರ ಉದ್ಯಮದಲ್ಲಿ ಇಷ್ಟು ಬಗೆಯ ಕೆಲಸಕ್ಕೆ ಒದಗುವ ವಸ್ತುಗಳು ಕೆಲವೇ. ಚೀಸನ್ನು ಸುಮ್ಮನೆ ಕಾಯಿಸಿದರೆ ಕೊಬ್ಬು ಒಂದು ಕಡೆ, ಗಟ್ಟಿ ಭಾಗ ಇನ್ನೊಂದು ಕಡೆ ಒಡೆದು ಹೋಗುತ್ತದೆ. ಫಾಸ್ಫೇಟ್ ಸೇರಿಸಿದಾಗ ಅದು ಹಾಲಿನ ಪ್ರೋಟೀನಾದ ಕೇಸೀನಿನಿಂದ ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುತ್ತದೆ. ಬಂಧ ಸಡಿಲಗೊಂಡ ಕೇಸೀನು ಕೊಬ್ಬನ್ನು ಹಿಡಿದಿಟ್ಟುಕೊಂಡು ನಯವಾಗಿ ಕರಗುವ ಹಾಳೆ ಚೀಸ್ ಸಿದ್ಧವಾಗುತ್ತದೆ. ಕುತೂಹಲದ ಸಂಗತಿಯೆಂದರೆ, 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಮೊದಲ ಸಂಸ್ಕರಿತ ಚೀಸನ್ನು ತಯಾರಿಸಿದ್ದು ಫಾಸ್ಫೇಟಿನಿಂದಲ್ಲ, ಸಿಟ್ರೇಟ್ ಲವಣದಿಂದ. ಹುಳಿ ಹಣ್ಣುಗಳಲ್ಲಿರುವ ಸಿಟ್ರಿಕ್ ಆಮ್ಲದ ಲವಣವದು.

ಮಾಂಸ ಮತ್ತು ಮೀನಿನಲ್ಲಿ ಫಾಸ್ಫೇಟ್ ನೀರನ್ನು ಹಿಡಿದಿಡುತ್ತದೆ. ಸ್ನಾಯುವಿನ ಪ್ರೋಟೀನುಗಳ ಹೆಣಿಗೆ ಸಡಿಲಗೊಂಡು ನಡುವೆ ನೀರು ನಿಲ್ಲುವುದರಿಂದ, ಶೈತ್ಯಾಗಾರದಿಂದ ತೆಗೆದು ಕರಗಿಸಿದಾಗ ರಸ ಸೋರುವುದಿಲ್ಲ, ಬೇಯಿಸಿದಾಗ ತುಂಡು ಕುಗ್ಗುವುದಿಲ್ಲ. ಮಂಗಳೂರು, ಮಲ್ಪೆ, ಕಾರವಾರಗಳ ಮೀನು ಸಂಸ್ಕರಣೆ ಬಲ್ಲವರಿಗೆ ಸೋಡಿಯಂ ಟ್ರೈಪಾಲಿಫಾಸ್ಫೇಟ್, ಅಂದರೆ ಎಸ್‌ಟಿಪಿಪಿ, ಅಪರಿಚಿತವಾಗಿರಲಾರದು. ಮಿತಿಯೊಳಗಿನ ಬಳಕೆ ಗುಣಮಟ್ಟ ಕಾಯುವ ತಂತ್ರ. ಮಿತಿಮೀರಿದರೆ ಅದು ನೀರನ್ನು ಸಿಗಡಿಯ ಬೆಲೆಗೆ ಮಾರುವ ಉಪಾಯವಾಗಿಬಿಡುತ್ತದೆ. ಆಗ ಕಳೆದುಕೊಳ್ಳುವುದು ಗ್ರಾಹಕನ ಹಣ ಮಾತ್ರವಲ್ಲ. ಬೆಳೆದವರ, ಹಿಡಿದವರ ಹೆಸರೂ ಹೋಗುತ್ತದೆ.

ಬೇಕರಿಯಲ್ಲಿ ಇದರ ಪಾತ್ರ ಬೇರೆ. ಬೇಕಿಂಗ್ ಪೌಡರಿನಲ್ಲಿ ಸೋಡಾದ ಜೊತೆಗಿರುವ ಆಮ್ಲೀಯ ಫಾಸ್ಫೇಟ್ ಒಲೆಯ ಬಿಸಿಯಲ್ಲಿ ವರ್ತಿಸಿ ಅನಿಲ ಬಿಡುಗಡೆ ಮಾಡುವುದರಿಂದ ಕೇಕ್ ಉಬ್ಬುತ್ತದೆ. ಕರಿಯಲು ಸಿದ್ಧವಾದ ಶೈತ್ಯೀಕೃತ ಆಲೂಗಡ್ಡೆ ತುಂಡುಗಳು ಕಪ್ಪಾಗದಂತೆ ಅದು ಕಬ್ಬಿಣದ ಅಂಶವನ್ನು ಕಟ್ಟಿಹಾಕುತ್ತದೆ. ಹಾಲಿನ ಪುಡಿ, ಕಾಫಿಗೆ ಬೆರೆಸುವ ಕ್ರೀಮರುಗಳಲ್ಲಿ ಗಂಟು ಕಟ್ಟದಂತೆ, ಬಿಸಿ ಕಾಫಿಯಲ್ಲಿ ಒಡೆಯದಂತೆ ನೋಡಿಕೊಳ್ಳುತ್ತದೆ. ಕೋಲಾ ಪಾನೀಯದಲ್ಲಿರುವ ಫಾಸ್ಫಾರಿಕ್ ಆಮ್ಲ ಅದಕ್ಕೆ ತೀಕ್ಷ್ಣ ಹುಳಿ ಕೊಡುತ್ತದೆ. ಎಲ್ಲರೂ ಮೊದಲು ದೂರುವುದು ಕೋಲಾವನ್ನು; ಆದರೆ 300 ಮಿ.ಲೀ. ಕೋಲಾದಲ್ಲಿ ಇರುವ ರಂಜಕ ಸುಮಾರು 50 ಮಿ.ಗ್ರಾಂ ಮಾತ್ರ. ಅದರಲ್ಲಿರುವ ಸಕ್ಕರೆಯೇ ದೊಡ್ಡ ಚಿಂತೆ.

ಸುರಕ್ಷಿತ ಮಿತಿ ಎಷ್ಟು?

ಅಂಕಿಗಳನ್ನು ನೋಡುವ ಮುನ್ನ ಒಂದು ಎಚ್ಚರಿಕೆ. ಡಿಎಪಿ ಚೀಲದ ಮೇಲೆ 18-46-0 ಎಂದು ಬರೆದಿರುವುದನ್ನು ನೀವು ಬಲ್ಲಿರಿ. ಆ 46 ಎಂಬುದು ಶುದ್ಧ ರಂಜಕವಲ್ಲ, ಫಾಸ್ಫರಸ್ ಪೆಂಟಾಕ್ಸೈಡ್ ಲೆಕ್ಕ, ಅದನ್ನು 0.436ರಿಂದ ಗುಣಿಸಿದರೆ ರಂಜಕ ಸುಮಾರು ಶೇ. 20 ಎಂದು ತಿಳಿಯುತ್ತದೆ. ಆಹಾರದ ನಿಯಮಗಳಲ್ಲಿಯೂ ಇದೇ ಗೊಂದಲವಿದೆ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡಗಳು ಮಿತಿಯನ್ನು ರಂಜಕದ ಲೆಕ್ಕದಲ್ಲಿ ಹೇಳಿದರೆ, ಯೂರೋಪಿನ ನಿಯಮಗಳು ಪೆಂಟಾಕ್ಸೈಡ್ ಲೆಕ್ಕದಲ್ಲಿ ಹೇಳುತ್ತವೆ. ಎರಡನ್ನೂ ಒಂದೇ ಎಂದುಕೊಂಡರೆ ಲೆಕ್ಕ ಇಮ್ಮಡಿಗಿಂತ ಹೆಚ್ಚು ತಪ್ಪುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು 1982ರಲ್ಲಿ ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 70 ಮಿ.ಗ್ರಾಂ ರಂಜಕವನ್ನು ಗರಿಷ್ಠ ಸಹನೀಯ ಮಿತಿಯೆಂದು ಸೂಚಿಸಿತ್ತು. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2019ರಲ್ಲಿ ಮರುಪರಿಶೀಲನೆ ನಡೆಸಿ ಈ ಮಿತಿಯನ್ನು 40 ಮಿ.ಗ್ರಾಂಗೆ ಇಳಿಸಿತು. 60 ಕೆ.ಜಿ. ತೂಕದವರಿಗೆ ಇದು ದಿನಕ್ಕೆ 2400 ಮಿ.ಗ್ರಾಂ ಆಗುತ್ತದೆ. ಊಟದಲ್ಲಿ ಸಹಜವಾಗಿರುವ ರಂಜಕವೂ ಸೇರ್ಪಡೆಯ ರಂಜಕವೂ ಈ ಲೆಕ್ಕದಲ್ಲಿ ಸೇರಿವೆ. ಮೂತ್ರಪಿಂಡಗಳ ಕಾರ್ಯ ಮಧ್ಯಮ ಅಥವಾ ತೀವ್ರ ಮಟ್ಟದಲ್ಲಿ ಕುಂದಿದವರಿಗೆ ಈ ಮಿತಿ ಅನ್ವಯಿಸುವುದಿಲ್ಲವೆಂದು ಅದೇ ಪ್ರಾಧಿಕಾರ ಸ್ಪಷ್ಟವಾಗಿ ಹೇಳಿದೆ. ಮಕ್ಕಳಲ್ಲಿ ಒಟ್ಟು ಸೇವನೆ ಈ ಮಿತಿಯನ್ನು ದಾಟಬಹುದೆಂಬ ಅಂಶವೂ ಆ ವರದಿಯಲ್ಲಿದೆ. ಹಾಗೆಂದು ಮಕ್ಕಳ ಹಾಲನ್ನು ಕಡಿತಗೊಳಿಸುವುದು ಅವಿವೇಕ. 15 ಕೆ.ಜಿ. ತೂಕದ ಮಗುವಿಗೆ ಮಿತಿ 600 ಮಿ.ಗ್ರಾಂ, ಅರ್ಧ ಲೀಟರು ಹಾಲೇ ಸುಮಾರು 450 ಮಿ.ಗ್ರಾಂ ಕೊಡುತ್ತದೆ. ಬೆಳೆಯುವ ಮೂಳೆಗೆ ಹಾಲಿನ ರಂಜಕವೂ ಕ್ಯಾಲ್ಸಿಯಮ್ಮೂ ಬೇಕು. ಕಡಿಮೆ ಮಾಡಬೇಕಾದದ್ದು ಸಂಜೆಯ ನೂಡಲ್ಸ್ ಮತ್ತು ಪೊಟ್ಟಣದ ತಿಂಡಿಗಳನ್ನು.

ಆರೋಗ್ಯವಂತರಲ್ಲಿಯೂ ರಕ್ತದ ರಂಜಕ ಸಾಮಾನ್ಯ ವ್ಯಾಪ್ತಿಯ ಮೇಲಂಚಿನಲ್ಲಿದ್ದರೆ ಹೃದ್ರೋಗ ಹೆಚ್ಚೇ? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಎರಡನೆಯ ಪೀಳಿಗೆಯ ದತ್ತಾಂಶದಲ್ಲಿ ಅಂಥ ಸಂಬಂಧ ಕಂಡುಬಂದಿದೆಯೆಂದು 2007ರಲ್ಲಿ ವರದಿಯಾಯಿತು. 2012ರಲ್ಲಿ ಜರ್ಮನಿಯ ವೈದ್ಯರು ಫಾಸ್ಫೇಟ್ ಸೇರ್ಪಡೆಗಳನ್ನು ಆರೋಗ್ಯದ ಅಪಾಯವೆಂದೇ ವಿಮರ್ಶಿಸಿ, ಪ್ರಮಾಣವನ್ನು ಲೇಬಲ್ಲಿನಲ್ಲಿ ತಿಳಿಸಬೇಕೆಂದು ಒತ್ತಾಯಿಸಿದರು. ಆದರೆ ಸಂಬಂಧ ಕಂಡುಬಂದ ಮಾತ್ರಕ್ಕೆ ಕಾರಣ ಸಾಬೀತಾದಂತಲ್ಲ. ರಕ್ತದ ರಂಜಕಕ್ಕೂ ತಿಂದ ರಂಜಕಕ್ಕೂ ನಡುವೆ ಮೂತ್ರಪಿಂಡ ಮತ್ತು ಹಾರ್ಮೋನುಗಳ ಕೈವಾಡವಿದೆ. ಲೇಬಲ್ ಬೇಡಿಕೆ ಮಾತ್ರ, ನಮ್ಮ ಅಭಿಪ್ರಾಯದಲ್ಲಿ, ಪೂರ್ಣ ನ್ಯಾಯಯುತವಾದದ್ದು.

ಮೂತ್ರಪಿಂಡದ ಕಾಯಿಲೆ ಇರುವವರ ಮನೆಯಲ್ಲಿ

ಸಕ್ಕರೆ ಕಾಯಿಲೆ ಮತ್ತು ರಕ್ತದ ಒತ್ತಡ ಮೂತ್ರಪಿಂಡಗಳನ್ನು ಸದ್ದಿಲ್ಲದೆ ಸವೆಸುತ್ತವೆ. ಬಹುಭಾಗ ಹಾಳಾಗುವವರೆಗೂ ಲಕ್ಷಣಗಳು ತೋರದಿರಬಹುದು. ಮೂತ್ರಪಿಂಡ ದುರ್ಬಲಗೊಂಡಂತೆ ಮೊದಲು ಎಫ್‌ಜಿಎಫ್-23 ಏರುತ್ತದೆ; ರಕ್ತದ ರಂಜಕ ಏರುವುದು ಬಹಳ ತಡವಾಗಿ. ಆದ್ದರಿಂದ ಪರೀಕ್ಷೆಯಲ್ಲಿ ರಂಜಕ ಸರಿಯಾಗಿದೆ ಎಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ರಂಜಕ ಹೆಚ್ಚಾಗಿಯೇ ಉಳಿದರೆ ಮೂಳೆಯಿಂದ ಕ್ಯಾಲ್ಸಿಯಂ ಕಳಚುತ್ತದೆ, ರಕ್ತನಾಳಗಳ ಗೋಡೆಯಲ್ಲಿ ಸುಣ್ಣ ಕಟ್ಟುತ್ತದೆ, ಮೈ ತುರಿಕೆ ಮತ್ತು ಮೂಳೆನೋವು ಕಾಡುತ್ತವೆ.

ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. ದಿನಕ್ಕೆ 1000 ಮಿ.ಗ್ರಾಂ ರಂಜಕ ಸೇವಿಸಿ ಶೇ. 60ರಷ್ಟು ಹೀರಲ್ಪಟ್ಟರೆ ವಾರಕ್ಕೆ 4200 ಮಿ.ಗ್ರಾಂ ದೇಹ ಸೇರುತ್ತದೆ. ಒಂದು ಬಾರಿಯ ಡಯಾಲಿಸಿಸ್ ತೆಗೆಯುವುದು ಸುಮಾರು 600ರಿಂದ 1000 ಮಿ.ಗ್ರಾಂ. ವಾರಕ್ಕೆ ಮೂರು ಬಾರಿ ಮಾಡಿಸಿದರೂ 3000 ದಾಟುವುದು ಕಷ್ಟ. ದೂರದ ಹಳ್ಳಿಯಿಂದ ಬರುವವರು ಎರಡೇ ಬಾರಿ ಮಾಡಿಸಿಕೊಂಡರೆ ಇನ್ನೂ ಕಡಿಮೆ. ಊಟದೊಂದಿಗೇ ನುಂಗಬೇಕಾದ ರಂಜಕ ಬಂಧಕ ಮಾತ್ರೆಗಳನ್ನು ವೈದ್ಯರು ಬರೆದುಕೊಡುವುದು ಉಳಿದದ್ದನ್ನು ಕರುಳಿನಲ್ಲಿಯೇ ತಡೆಯಲು. ಊಟ ಮುಗಿದು ಒಂದು ತಾಸಿನ ಮೇಲೆ ನುಂಗಿದರೆ ಅವುಗಳ ಪ್ರಯೋಜನ ಬಹಳಷ್ಟು ತಗ್ಗುತ್ತದೆ. ಈ ಲೆಕ್ಕದ ಮೇಲೆ ದಿನವೂ ಸೇರ್ಪಡೆಯ ರೂಪದಲ್ಲಿ 200 ಮಿ.ಗ್ರಾಂ ಬಂದರೆ ವಾರಕ್ಕೆ ಸುಮಾರು 1300 ಮಿ.ಗ್ರಾಂ ಹೊಸದಾಗಿ ಕೂಡಿಕೊಳ್ಳುತ್ತದೆ. ಒಂದಕ್ಕಿಂತ ಹೆಚ್ಚು ಡಯಾಲಿಸಿಸ್‌ನ ಶ್ರಮ ಹೀಗೆ ವ್ಯರ್ಥವಾಗುತ್ತದೆ.

ಇದನ್ನು ತಿಳಿವಳಿಕೆಯಿಂದಲೇ ತಗ್ಗಿಸಬಹುದು ಎಂಬುದಕ್ಕೆ ಸಾಕ್ಷ್ಯವಿದೆ. ಅಮೆರಿಕದ ಓಹಾಯೋ ರಾಜ್ಯದಲ್ಲಿ 279 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫಾಸ್ಫೇಟ್ ಸೇರಿಸಿದ ಆಹಾರಗಳನ್ನು ಗುರುತಿಸಿ ಬಿಡಲು ಒಂದು ಗುಂಪಿಗೆ ಕಲಿಸಲಾಯಿತು. ಮೂರು ತಿಂಗಳಲ್ಲಿ ಆ ಗುಂಪಿನವರ ರಕ್ತದ ರಂಜಕ ಇತರರಿಗಿಂತ ಪ್ರತಿ ಡೆಸಿಲೀಟರಿಗೆ 0.6 ಮಿ.ಗ್ರಾಂನಷ್ಟು ಹೆಚ್ಚು ಇಳಿದಿತ್ತು. ಹೊಸ ಔಷಧಿಯಿಲ್ಲ, ವೆಚ್ಚವೂ ಇಲ್ಲ.

ಹಿಂದೆ ಇಂಥ ರೋಗಿಗಳಿಗೆ ಬೇಳೆ, ಕಾಳು, ಇಡೀ ಧಾನ್ಯಗಳನ್ನು ರಂಜಕದ ಭಯದಿಂದ ಪೂರ್ತಿ ನಿಷೇಧಿಸುವುದು ರೂಢಿಯಾಗಿತ್ತು. ಮುದ್ದೆ ಬಿಡಿಸಿ ಬ್ರೆಡ್ ಕೊಡುತ್ತಿದ್ದ ಮನೆಗಳೂ ಉಂಟು. ರಂಜಕದ ಮೂಲ ಯಾವುದು, ಸಸ್ಯವೇ, ಪ್ರಾಣಿಯೇ, ಸೇರ್ಪಡೆಯೇ ಎಂಬುದನ್ನು ಪರಿಗಣಿಸಬೇಕೆಂದು 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ರಾಗಿಯಲ್ಲಿ, ಬಹುತೇಕ ಧಾನ್ಯಗಳಿಗೆ ವ್ಯತಿರಿಕ್ತವಾಗಿ, ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ರಾಗಿ, ಹೆಸರುಕಾಳುಗಳನ್ನು ಮೊಳಕೆ ಕಟ್ಟಿದಾಗ ಫೈಟೇಟ್ ಒಡೆದು ಕಬ್ಬಿಣ, ಸತುವಿನಂತೆ ರಂಜಕವೂ ಸುಲಭವಾಗಿ ಹೀರಲ್ಪಡುತ್ತದೆ. ಮಗುವಿಗೂ ಬಾಣಂತಿಗೂ ಇದು ಲಾಭ, ಮೂತ್ರಪಿಂಡದ ರೋಗಿಗೆ ಅಷ್ಟಾಗಿ ಅಲ್ಲ. ಕಾಳುಗಳಲ್ಲಿ ಪೊಟ್ಯಾಸಿಯಂ ಕೂಡ ಇರುವುದರಿಂದ ಎಷ್ಟು ತಿನ್ನಬಹುದೆಂಬುದನ್ನು ರಕ್ತಪರೀಕ್ಷೆ ನೋಡಿ ವೈದ್ಯರು ಅಥವಾ ಆಹಾರತಜ್ಞರೇ ನಿರ್ಧರಿಸಬೇಕು.

ಲೇಬಲ್ ಓದುವ ಬಗೆ

ನಮ್ಮ ದೇಶದ ನಿಯಮದಂತೆ ಸೇರ್ಪಡೆ ವಸ್ತುಗಳನ್ನು ಅವುಗಳ ವರ್ಗದೊಡನೆ ಹೆಸರು ಅಥವಾ ಐಎನ್‌ಎಸ್ ಸಂಖ್ಯೆಯಿಂದ ಘಟಕಾಂಶಗಳ ಪಟ್ಟಿಯಲ್ಲಿ ತಿಳಿಸಲೇಬೇಕು. ಪೋಷಕಾಂಶಗಳ ಕೋಷ್ಟಕದಲ್ಲಿ ರಂಜಕದ ಪ್ರಮಾಣವನ್ನು ತಿಳಿಸುವ ಕಡ್ಡಾಯವಿಲ್ಲ. ಆದ್ದರಿಂದ ಇದೆಯೇ ಇಲ್ಲವೇ ಎಂದಷ್ಟೇ ತಿಳಿಯುತ್ತದೆ, ಎಷ್ಟಿದೆ ಎಂದು ತಿಳಿಯುವುದಿಲ್ಲ.

ನೆನಪಿಡಬೇಕಾದ ಸಂಖ್ಯೆಗಳು ಹೆಚ್ಚೇನಿಲ್ಲ. 338 ಫಾಸ್ಫಾರಿಕ್ ಆಮ್ಲ. 339ರಿಂದ 343ರವರೆಗಿನವು ಕ್ರಮವಾಗಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಅಮೋನಿಯಂ ಮತ್ತು ಮೆಗ್ನೀಸಿಯಂ ಫಾಸ್ಫೇಟುಗಳು. 450, 451, 452 ಎಂಬವು ಡೈ, ಟ್ರೈ ಮತ್ತು ಪಾಲಿಫಾಸ್ಫೇಟುಗಳು. ಇವಲ್ಲದೆ ಅಲ್ಯೂಮಿನಿಯಂ ಕೂಡ ಇರುವ 541 ಉಂಟು. ಸಂಖ್ಯೆಯ ಪಕ್ಕದ ಆವರಣದಲ್ಲಿ ರೋಮನ್ ಅಂಕಿ ಇದ್ದರೆ ಅದು ಉಪಬಗೆ ಮಾತ್ರ. 1412, 1442ರಂಥ ಮಾರ್ಪಡಿಸಿದ ಪಿಷ್ಟಗಳಲ್ಲಿಯೂ ಫಾಸ್ಫೇಟ್ ಇದೆ, ಆದರೆ ಅತ್ಯಲ್ಪ. ಅಕ್ಷರ ಚಿಕ್ಕದಾಗಿದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ಓದಿ. 339, 450ರಂಥವು ಸೋಡಿಯಮ್ಮನ್ನೂ 340 ಪೊಟ್ಯಾಸಿಯಮ್ಮನ್ನೂ ಹೊತ್ತು ತರುತ್ತವೆ ಎಂಬುದನ್ನು ರೋಗಿಗಳು ಮರೆಯಬಾರದು.

ಅಡುಗೆ ಸೋಡಾದ ಬಗ್ಗೆ ಅನೇಕರಿಗೆ ಸಂಶಯವಿದೆ. ಅದು ಸೋಡಿಯಂ ಬೈಕಾರ್ಬನೇಟ್, ಸಂಖ್ಯೆ 500. ಅದರಲ್ಲಿ ರಂಜಕವಿಲ್ಲ, ಸೋಡಿಯಂ ಮಾತ್ರ ಇದೆ. ರಂಜಕ ಇರಬಹುದಾದದ್ದು ಬೇಕಿಂಗ್ ಪೌಡರಿನಲ್ಲಿ ಮತ್ತು ಅದನ್ನು ಬೆರೆಸಿದ ದಿಢೀರ್ ತಿಂಡಿಗಳ ಮಿಶ್ರಣಗಳಲ್ಲಿ. ರಾತ್ರಿ ಹುದುಗಿಸಿದ ಇಡ್ಲಿ ಹಿಟ್ಟಿಗೆ ಇದಾವುದೂ ಬೇಕಿಲ್ಲ. ಲೇಬಲ್ಲೇ ಇಲ್ಲದ ಬೇಕರಿ ತಿನಿಸು, ಹೋಟೆಲಿನ ಕರಿದ ಕೋಳಿ, ಬಿಡಿಯಾಗಿ ಮಾರುವ ಸಿಗಡಿಗಳ ವಿಷಯದಲ್ಲಿ ಓದಲು ಏನೂ ಇರುವುದಿಲ್ಲ. ಅಲ್ಲಿ ರೋಗಿಗಳು ದೂರವಿರುವುದೇ ಕ್ಷೇಮ.

ಸಣ್ಣ ಆಹಾರ ಘಟಕಗಳನ್ನು ನಡೆಸುವವರಿಗೆ

ಸ್ವಸಹಾಯ ಗುಂಪುಗಳಲ್ಲಿ ಬೇಕರಿ, ಮಾಂಸ, ಮೀನು ಅಥವಾ ಚೀಸ್ ಉತ್ಪನ್ನ ತಯಾರಿಸುವವರು ಗೊಬ್ಬರದ ಅಥವಾ ಕೈಗಾರಿಕಾ ದರ್ಜೆಯ ಫಾಸ್ಫೇಟನ್ನು ಯಾವ ಕಾರಣಕ್ಕೂ ಬಳಸಬಾರದು. ಶಿಲಾರಂಜಕದಲ್ಲಿ ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್, ಫ್ಲೋರೈಡ್‌ಗಳ ಅಂಶಗಳಿರಬಹುದು. ಆಹಾರ ದರ್ಜೆಯಲ್ಲಿ ಅವುಗಳನ್ನು ನಿಗದಿತ ಮಿತಿಗೆ ಶುದ್ಧೀಕರಿಸಿರುತ್ತಾರೆ, ಅಗ್ಗದ ಚೀಲದಲ್ಲಿ ಅಲ್ಲ. ಮೊಬೈಲ್ ಸಂದೇಶಗಳು ಗೊಬ್ಬರ, ಸೋಪಿನ ಪುಡಿ ಎಂದು ಹೆದರಿಸುವಾಗ ಮುಚ್ಚಿಡುವ ವ್ಯತ್ಯಾಸ ಇದೇ. ಖರೀದಿಸುವಾಗ ಐಎನ್‌ಎಸ್ ಸಂಖ್ಯೆ, ತಂಡದ ಸಂಖ್ಯೆ ಮತ್ತು ಆಹಾರ ಪರವಾನಗಿ ಸಂಖ್ಯೆಗಳಿರುವ ಪೊಟ್ಟಣವನ್ನೇ ಕೇಳಿ, ಬಿಲ್ಲನ್ನು ಕಾಪಾಡಿಕೊಳ್ಳಿ.

ಯಾವ ಆಹಾರಕ್ಕೆ ಯಾವ ಫಾಸ್ಫೇಟ್, ಎಷ್ಟು ಎಂಬುದನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಆಹಾರದ ವರ್ಗವಾರು ನಿಗದಿಪಡಿಸಿದೆ. ಪಟ್ಟಿಯಲ್ಲಿಲ್ಲದ ಆಹಾರಕ್ಕೆ ಸೇರಿಸುವಂತಿಲ್ಲ. ಅಳತೆಗೆ ಚಮಚ, ಹಿಡಿಗಳನ್ನು ನಂಬದೆ ಗ್ರಾಂ ತೋರಿಸುವ ತಕ್ಕಡಿ ಇಟ್ಟುಕೊಳ್ಳಿ; ಹೆಚ್ಚಾದರೆ ಉತ್ಪನ್ನಕ್ಕೆ ಸೋಪಿನಂಥ ರುಚಿ ಬಂದು ಮಾಂಸ ರಬ್ಬರಿನಂತಾಗುತ್ತದೆ. ಚೀಸಿನಲ್ಲಿ ಸೋಡಿಯಂ ಸಿಟ್ರೇಟ್, ಕೇಕಿನಲ್ಲಿ ಸೋಡಾದೊಡನೆ ಮೊಸರು ಅಥವಾ ನಿಂಬೆರಸ, ಸಿಗಡಿಗೆ ಹಿಡಿದ ಕೂಡಲೇ ಮಂಜುಗಡ್ಡೆಯ ತಂಪು ಹಲವು ಸಂದರ್ಭಗಳಲ್ಲಿ ಫಾಸ್ಫೇಟಿನ ಕೆಲಸವನ್ನು ಸಾಕಷ್ಟು ಮಟ್ಟಿಗೆ ಮಾಡುತ್ತವೆ. ಹಾಗೆ ತಯಾರಿಸಿದ್ದರೆ ಪೊಟ್ಟಣದ ಮೇಲೆ ಫಾಸ್ಫೇಟ್ ಸೇರಿಸಿಲ್ಲವೆಂದು ಸತ್ಯವಾಗಿ ನಮೂದಿಸಲು ನಿಯಮಗಳಲ್ಲಿ ಅವಕಾಶವಿದೆಯೇ ಎಂಬುದನ್ನು ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾಧಿಕಾರಿಗಳಲ್ಲಿ ವಿಚಾರಿಸಿಕೊಂಡು ಮುದ್ರಿಸಿ.